ಇಪ್ಪತ್ತೈದು ಪೌಂಡು

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನನ್ನ ಅಂಗಡಿ.
ಬೋರ್ಡಿನ ಮೇಲೆ ಇನ್ನೂ ‘ಪಿಸ್ಸೆ ಟೈಲರ್ಸ್’.
ಅಪ್ಪನ ಹೊಲಿಗೆ ಮಿಷನ್ನು ಇದ್ದ ಜಾಗದಲ್ಲಿ
ರ‍್ಯಾಕೆಟ್ಟಿಗೆ ಗಟ್ ಹಾಕುವ ಮಿಷನ್ನು.
ಅಳತೆ ರವಿಕೆ ಹಿಡಿದು ಬಂದವರು
ಹೊಸ್ತಿಲಲ್ಲೇ ನಿಂತು ನೋಡಿ,
‘ಇದೇನು, ಬಲೆ ಹೆಣೀತೀರಾ?’ ಎಂದು ಕೇಳಿ ಹೋಗುತ್ತಾರೆ.
ಹೂಂ ಅನ್ನುತ್ತೇನೆ. ಸುಳ್ಳೇನಲ್ಲ.

ಬರುವ ಮಂಗಳವಾರ ಹನೋಯ್‌ನಲ್ಲಿ ಪಂದ್ಯ ಶುರು.
ನಮ್ಮೂರ ಒಳಾಂಗಣದಲ್ಲಿ ಬೆವರಿದ ಮೂವರು ಹೊರಟಿದ್ದಾರೆ.
ಪೇಪರಿನ ಹುಡುಗ ಬೆಳಿಗ್ಗೆಯೇ ಬಂದ,
ಹೆಲ್ಮೆಟ್ಟು ತೆಗೆಯದೆ ಕೇಳಿದ:
‘ಯಾರ ಫಾರ್ಮು ಹೇಗಿದೆ ಸಾರ್?
ನಿಮಗೆ ಗೊತ್ತಿರುತ್ತಲ್ಲ.’

ಗೊತ್ತಿರುತ್ತದೆ.
ಗಟ್ಟು ಎಲ್ಲಿ ಹರಿದಿದೆ ನೋಡಿದರೆ ಸಾಕು.
ನಟ್ಟನಡುವೆ ಹರಿದರೆ
ಕಣ್ಣು, ಕಾಲು, ಮಣಿಕಟ್ಟು ಮೂರೂ ಮಾತಾಡಿಕೊಂಡಿವೆ.
ಅಂಚಿನಲ್ಲಿ, ಚೌಕಟ್ಟಿನ ಹತ್ತಿರ ಹರಿದರೆ
ಹೆಜ್ಜೆ ತಡವಾಗಿದೆ,
ಕೈ ಒಂದೇ ಓಡಿಹೋಗಿ ನೆಪ ಹೇಳುತ್ತಿದೆ.

ಇಂದುಧರನದು ಮೂರು ತಿಂಗಳಿಂದ ನಡುವೆಯೇ ಹರಿಯುತ್ತಿದೆ,
ವಾರಕ್ಕೆರಡು. ದುಡ್ಡು ಕೊಡುವಾಗ ಗೊಣಗುತ್ತಾನೆ,
ನಾನು ಒಳಗೊಳಗೇ ಹಿಗ್ಗುತ್ತೇನೆ, ದುಡ್ಡಿಗಲ್ಲ.
(ದುಡ್ಡಿಗೂ ಹೌದು.)
ಆದರೆ ಡ್ರಾ ನೋಡಿದೆ: ಮೊದಲ ಸುತ್ತಿಗೇ
ಡೆನ್ಮಾರ್ಕಿನವನೊಬ್ಬ, ನನ್ನ ಅಂಗಡಿಯ ದಾರಂದಕ್ಕೆ
ತಲೆ ತಗ್ಗಿಸದೆ ಒಳಬರಲಾರ.
ಫಾರ್ಮಿಗೇ ಎಲ್ಲ ತೀರುವುದಾದರೆ
ಚೀಟಿ ಎತ್ತುವುದೇಕೆ?

ಸಾಗರದ ಗ್ಲೆನಿಟಾ, ಡಬಲ್ಸು.
ಜೊತೆಗಾತಿ ಬದಲಾಗಿ ಐದು ವಾರ.
ಅವಳ ರ‍್ಯಾಕೆಟ್ಟಿನ ಎಡತುದಿಗೆ ಹೊಸ ಗಾಯ,
ಗಾಯದಲ್ಲಿ ಬೇರೆ ರ‍್ಯಾಕೆಟ್ಟಿನ ಹಸಿರು ಬಣ್ಣ.
ಇಬ್ಬರ ನಡುವೆ ಬಿದ್ದ ಶಟಲ್ಲಿಗೆ ಇಬ್ಬರೂ ಕೈ ಚಾಚಿದ್ದಾರೆ.
‘ನಂದು’ ಎಂದು ಬಾಯಿಬಿಟ್ಟು ಕೂಗಲು
ಮರ್ಯಾದಸ್ಥ ಹುಡುಗಿಯರಿಗೆ ಐದು ವಾರ ಸಾಲದು.
ಅಷ್ಟು ಕಲಿತರೆ ಸೆಮಿಫೈನಲ್ಲು,
ಇಲ್ಲದಿದ್ದರೆ ಇನ್ನೊಂದು ಗಾಯ.

ಇನ್ನು ಶಾಲ್ಮಲಿ.
ನಿನ್ನೆಯ ಪೇಪರಿನಲ್ಲಿ ‘ಪದಕದ ಭರವಸೆ’,
ಅರ್ಧ ಪುಟದ ಫೋಟೋ, ಎರಡೂ ಕಾಲು ಗಾಳಿಯಲ್ಲಿ.
ಅದು ಹೋದ ವರ್ಷದ ಜಿಗಿತ.

ಮೊನ್ನೆ ರಾತ್ರಿ ಶಟರ್ ಅರ್ಧ ಎಳೆದಿದ್ದೆ.
ಬಗ್ಗಿ ಒಳಗೆ ಬಂದಳು, ಮೂರು ರ‍್ಯಾಕೆಟ್ಟು ಎಡಗೈಲಿ.
ಎಡಗೈಲಿ ಎಂಬುದನ್ನು ನಾನು ಗಮನಿಸಿದೆ,
ಗಮನಿಸಿದ್ದನ್ನು ಅವಳು ಗಮನಿಸಿದಳು.
‘ಇಪ್ಪತ್ತೈದಕ್ಕೆ ಹಾಕಿ, ಮಾಮ.’

ಎಂಟು ವರ್ಷದ ಲೆಕ್ಕ ನನ್ನ ಪುಸ್ತಕದಲ್ಲಿದೆ:
ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತಾರು, ಇಪ್ಪತ್ತೆಂಟು.
ಒಂದು ಸಲವೂ ಇಳಿದದ್ದಿಲ್ಲ.
ಗಟ್ಟು ಸಡಿಲವಾದರೆ ಶಟಲ್ಲು ತಾನೇ ಚಿಮ್ಮುತ್ತದೆ,
ಭುಜಕ್ಕೆ ಅಷ್ಟು ಕಡಿಮೆ ಕೆಲಸ.

‘ಸೆಕೆಗಾ?’ ಅಂದೆ.
‘ಹೂಂ, ಸೆಕೆಗೆ’ ಅಂದಳು.
ಸೆಕೆಗೆ ಶಟಲ್ಲು ಜೋರು ಹಾರುತ್ತದೆ,
ಬಿಗಿ ಮಾಡಬೇಕೇ ಹೊರತು ಇಳಿಸುವುದಲ್ಲ.
ಇಬ್ಬರಿಗೂ ಗೊತ್ತು.
ಫ್ಯಾನು ತಿರುಗುತ್ತಿತ್ತು.

‘ಕೋಚ್‌ಗೆ...’ ಎಂದು ಶುರುಮಾಡಿ ನಿಲ್ಲಿಸಿದಳು.
ನಾನು ನಾಲ್ಕನೇ ಅಡ್ಡ ಎಳೆಯಲ್ಲಿದ್ದೆ,
ಒಂದರ ಮೇಲೆ, ಒಂದರ ಕೆಳಗೆ,
ತಲೆ ಎತ್ತಲಿಲ್ಲ.
ಅಪ್ಪ ಹೇಳುತ್ತಿದ್ದ: ಅಳತೆ ತೆಗೆದವನು
ಯಾರ ಸೊಂಟ ಎಷ್ಟೆಂದು ಬೀದಿಯಲ್ಲಿ ಆಡಬಾರದು.

ಮುಗಿದ ಮೇಲೆ ಅಂಗೈಗೆ ತಟ್ಟಿ ಕಿವಿ ಕೊಟ್ಟಳು.
ಹಳೆಯ ಟಣ್ ಇಲ್ಲ, ತುಸು ದಪ್ಪ ದನಿ,
ನೆಗಡಿಯಾದವರು ಮಾತಾಡಿದ ಹಾಗೆ.
ಮತ್ತೆ ತಟ್ಟಿದಳು. ಮತ್ತೆ.
ಆಮೇಲೆ ಗಲ್ಲಾಪೆಟ್ಟಿಗೆಯ ಮೇಲಿಂದ ಆಚೆಗೆ
ಇಲ್ಲದ ಶಟಲ್ಲೊಂದನ್ನು ಮೆಲ್ಲಗೆ ಇಳಿಸಿದಳು,
ಬೆರಳಲ್ಲೇ, ಭುಜ ಅಲುಗದ ಹಾಗೆ.
‘ಹೊಡೆಯೋರು ಹೊಡೀಲಿ,
ನಾನು ನೆಟ್ಟಿನ ಹತ್ತಿರ ಕರೀತೀನಿ.’
ಈ ಆಟ ಅವಳದಲ್ಲ. ಅವಳದಾಗಿರಲಿಲ್ಲ.

ಪೇಪರಿನ ಹುಡುಗನಿಗೆ ‘ಮೂವರೂ ಚೆನ್ನಾಗಿದ್ದಾರೆ’ ಅಂದೆ.
ಬರೆದುಕೊಂಡ, ಅಷ್ಟೇನಾ ಎಂಬಂತೆ ನೋಡಿದ, ಹೋದ.

ಪುಸ್ತಕ ತೆಗೆದೆ. ಅವಳ ಹೆಸರಿನ ಮುಂದೆ
ಎಂಟು ವರ್ಷವೂ ಪೆನ್ನಿನಲ್ಲಿ ಬರೆದವನು
ಇಪ್ಪತ್ತೈದನ್ನು ಮಾತ್ರ
ಪೆನ್ಸಿಲ್ಲಿನಲ್ಲಿ ಬರೆದೆ.