ಮೈಲೇಜ್ ಕೇಳಬೇಡಿ

ಮೊದಲೇ ಹೇಳಿಬಿಡುತ್ತೇನೆ. ಕೂತ್ಕೊಳ್ಳಿ,
ಆ ಟೈರಿನ ಮೇಲೆ. ಟೀ ಬರುತ್ತೆ.
ಟಾರ್ಪಾಲು ಆಮೇಲೆ ತೆಗೆಯೋಣ.

ಜಿಪ್ಸಿಯದೇ ಇದು, ಹದಿಮೂರು ನೂರು ಸಿಸಿ.
ಕಂಪನಿಯಿಂದ ಬಂದಾಗ ಸಾಧು ಪ್ರಾಣಿ.
ಈಗ ಕಂಪನಿಯದ್ದು ಅಂತ ಉಳಿದಿರೋದು
ಬ್ಲಾಕು, ಬ್ಲಾಕಿನ ಮೇಲಿನ ನಂಬರು.
ಮಿಕ್ಕಿದ್ದು ನಾನು ಮತ್ತು ಈರಾಚಾರ್
ಹನ್ನೊಂದು ತಿಂಗಳು ಊಟದ ಹೊತ್ತು ಕದ್ದು
ಕೆರೆದದ್ದು, ಉಜ್ಜಿದ್ದು, ಕೂರಿಸಿದ್ದು.
ಕ್ಯಾಮ್ ಶಾಫ್ಟಿನ ಉಬ್ಬುಗಳು ಹಾಸನದ ಅವರ ಲೇಥಿನಲ್ಲಿ
ಕೂದಲೆಳೆ ಕೂದಲೆಳೆಯಾಗಿ ಇಳಿದವು.
"ನಮ್ಮಪ್ಪ ದೇವರ ಕಣ್ಣು ತೆರೆಸುವಾಗಲೂ
ಇಷ್ಟು ಉಸಿರು ಹಿಡಿದಿರಲಿಲ್ಲ ಕಣಯ್ಯ"
ಅಂದಿದ್ದರು.

ಈಗ ದೋಷಗಳು.

ಇದಕ್ಕೆ ಸುಮ್ಮನೆ ನಿಲ್ಲೋದು ಬರಲ್ಲ.
ಎರಡು ಸಾವಿರದ ಕೆಳಗೆ ಇಳಿಸಿದರೆ
ಕೆಮ್ಮಿ, ಗಂಟಲು ಕಟ್ಟಿ, ಸತ್ತುಹೋಗುತ್ತೆ.
ಒಮ್ಮೆ ಹನುಮಂತಪ್ಪ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡೆ.
ಹೂವಿನವಳು ಮೊಳ ಹಾಕೋದು ಬಿಟ್ಟು ಕಿವಿ ಮುಚ್ಚಿಕೊಂಡಳು.
ಪೊಲೀಸಿನವನು ಬಾಗಿ, ಕಾಯಿಲೆ ವಿಚಾರಿಸೋ ದನಿಯಲ್ಲಿ,
"ಏನಾಗಿದೆ ಗಾಡಿಗೆ?"
ಆರೋಗ್ಯವಾಗಿದೆ ಸಾರ್, ಅದೇ ತೊಂದರೆ, ಅಂದೆ.

ನಾಲ್ಕೂವರೆ ಸಾವಿರದವರೆಗೆ ಏನೂ ಇಲ್ಲ.
ಆಮೇಲೆ ಎಲ್ಲಾ ಇದೆ.
ನಡುವೆ ಅನ್ನೋದಿಲ್ಲ.

ಬಂಕಿನ ಪೆಟ್ರೋಲು ಒಗ್ಗಲ್ಲ,
ಒಳಗೇ ಯಾರೋ ಸುತ್ತಿಗೆ ಹಿಡಿದು ಕೂತಂತೆ ಟೊಕ್ ಟೊಕ್.
ಕ್ಲಚ್ಚಿಗೆ ಬರೋದು ಎರಡೇ ಮಾತು: ಹೂಂ, ಊಹೂಂ.
ಆರುನೂರು ಕಿಲೋಮೀಟರಿಗೊಮ್ಮೆ ಪೂರ್ತಿ ಬಿಚ್ಚಿ
ಬಾಣಂತಿಯ ಹಾಗೆ ನೋಡ್ಕೋಬೇಕು.

ಮೈಲೇಜ್ ಕೇಳಬೇಡಿ.
ನಿನ್ನೆ ಬಂದವರು ಶುರುವಿನಲ್ಲೇ ಕೇಳಿದರು.
ಮೊನ್ನೆ ಸಖರಾಯಪಟ್ಟಣದ ಕಡೆಯವರೊಬ್ಬರು
ಬೋರ್‌ವೆಲ್ಲಿಗೆ ಆಗುತ್ತಾ ಅಂದರು.
ನಾನು ನಗಲಿಲ್ಲ. ನ್ಯಾಯವಾದ ಪ್ರಶ್ನೆ.
ಇಷ್ಟು ಶಕ್ತಿ ಇದ್ದಮೇಲೆ
ನೀರಾದರೂ ಎತ್ತಬಾರದೆ?

ಓಡಿದ್ದು ಮೂರೇ ಭಾನುವಾರ.
ಮಲ್ಲಂದೂರಿನಾಚೆ, ಕುಯ್ಲು ಮುಗಿದ ತೋಟದ ಮಣ್ಣು ದಾರಿ,
ಎರಡೂ ತುದಿಗೆ ಹಗ್ಗ, ಹಗ್ಗಕ್ಕೊಬ್ಬ ಪೀಪಿ ಹುಡುಗ.
ಮೂರನೆಯ ಸಲ ಏಳು ಸಾವಿರ ದಾಟಿದಾಗ
ಸದ್ದು ಅನ್ನೋದು ಮುಗಿದು
ಬರೀ ಒಂದು ಗೆರೆ ಉಳಿಯಿತು, ಅದರ ಮೇಲೆ ನಾನು.
ಈರಾಚಾರ್ ತಿರುವಿನಲ್ಲಿ ಬಿಸಿಲಿಗೆ ಕೊಡೆ ಹಿಡಿದು ನಿಂತಿದ್ದರು.
ಗಾಡಿ ಹೋದದ್ದನ್ನು ನೋಡಲೇ ಇಲ್ಲವಂತೆ,
ಕಣ್ಣು ಮುಚ್ಚಿದ್ದರಂತೆ.
ಸಂಜೆ ನನ್ನ ಕೈಗೆ ಮಂಡಕ್ಕಿ ಪೊಟ್ಟಣ ಕೊಟ್ಟು ಹೇಳಿದರು:
"ಎರಡನೇ ಸಿಲಿಂಡರು ಕೂದಲಷ್ಟು ಹಿಂದೆ ಬೀಳ್ತಿದೆ."
ನಾಲ್ಕು ಸೆಕೆಂಡಿನಲ್ಲಿ ಸೋತಿದ್ದೆವು.
ಆ ಕೂದಲು ಸಿಗಲಿಲ್ಲ, ಎಷ್ಟು ಬಿಚ್ಚಿದರೂ.

ಮರುವರ್ಷದ ನಿಯಮದ ಪುಸ್ತಕದಲ್ಲಿ ನಮ್ಮ ವರ್ಗ ಇರಲಿಲ್ಲ.
ರದ್ದು ಅಂತಲೂ ಬರೆದಿರಲಿಲ್ಲ.
ಪುಟ ಇರಲಿಲ್ಲ, ಅಷ್ಟೆ.
ಬೀದಿಗೆ ಹೆಚ್ಚು, ಪಂದ್ಯಕ್ಕೆ ಬೇಡ.
ಎರಡು ವರ್ಷದಿಂದ ಪ್ರತಿ ಭಾನುವಾರ
ಸ್ಪ್ಯಾನರು ಹಾಕಿ ಕಾಲು ಸುತ್ತು ತಿರುಗಿಸುತ್ತೇನೆ,
ಒಳಗೆ ಹಿಡಿದುಕೊಳ್ಳದಿರಲಿ ಅಂತ.
ಅಮೃತಮಹಲ್ ಹೋರಿಯನ್ನು ಹಿತ್ತಲಿಗೆ ಕಟ್ಟಿ
ಬೆನ್ನು ತೀಡಿದ ಹಾಗೆ.

ನೀವು ಅವಾಗಿನಿಂದ ಏನೂ ಕೇಳಲಿಲ್ಲ.
ಎಲ್ಲಿಗೆ ಹಾಕ್ತೀರಿ ಇದನ್ನ?

ಕಡೂರಿನ ಐಟಿಐ.
ಹುಡುಗರಿಗೆ ತೋರಿಸಲಿಕ್ಕೆ.
ಪಕ್ಕೆ ಕೊಯ್ದು, ಒಳಗೆ ಕೆಂಪು ನೀಲಿ ಬಣ್ಣ ಬಳಿದು,
ಸ್ಟ್ಯಾಂಡಿಗೆ ಬಿಗಿದು, ಕೈಯಲ್ಲಿ ತಿರುಗಿಸೋಕೆ.

ಟೀ ತಣ್ಣಗಾಯ್ತು ನಿಮ್ಮದು, ಬೇರೆ ಹೇಳ್ತೀನಿ.

ಅಂದರೆ ನಿಲ್ಲುತ್ತೆ. ಒಂದು ಕಡೆ.
ಹದಿನೇಳರ ಹುಡುಗ ಹ್ಯಾಂಡಲ್ ಹಿಡಿದು
ನಿಮಿಷಕ್ಕೆ ಆರು ಸುತ್ತು ತಿರುಗಿಸಿದರೂ
ಕೆಮ್ಮಲ್ಲ.

ಟಾರ್ಪಾಲಿನ ಆ ತುದಿ ಹಿಡಿಯಿರಿ, ಮೇಷ್ಟ್ರೇ.
ದುಡ್ಡು ನಿಮ್ಮ ಇಲಾಖೆ ಕೊಟ್ಟಷ್ಟು, ಕೊಟ್ಟಾಗ.
ಒಂದೇ ಮಾತು:
ಕೊಯ್ಯೋದಾದರೆ ಎರಡನೇ ಸಿಲಿಂಡರಿನ ನಡುಮಧ್ಯಕ್ಕೆ ಕೊಯ್ಯಿರಿ.
ಹಿಂದಿನ ದಿನ ಒಂದು ಫೋನ್ ಮಾಡಿ.
ಈರಾಚಾರ್‌ನ ಕರಕೊಂಡು ಬರ್ತೀನಿ, ಅವರ ಕನ್ನಡಕ ಸಮೇತ.
ಒಂದು ಕೂದಲು ಹುಡುಕೋದಿದೆ.