ಬಾಯಿ ಬಿಡುವವರೆಗೆ

ಪೊಜ್ನಾನ್ ಊರಿನ ಹೊಳೆಯ ಹೆಸರು ವಾರ್ತಾ.
ಸುದ್ದಿ ಎಂಬ ಅರ್ಥ ನಮ್ಮ ಕಿವಿಗಷ್ಟೇ,
ಅಲ್ಲಿಯವರಿಗೆ ಅದು ಬರೀ ನೀರು,
ನಲ್ಲಿ ತಿರುಗಿಸಿದರೆ ಬರುವಂಥದು.

ಆ ನೀರು ಬರುವ ದಾರಿಯ ನೆಲಮಾಳಿಗೆಯಲ್ಲಿ
ಎಂಟು ಕಪ್ಪೆಚಿಪ್ಪು ಸಾಲಾಗಿ ಕೆಲಸಕ್ಕೆ ಕೂತಿವೆ,
ಬೆನ್ನ ಮೇಲೆ ಅಂಟಿಸಿದ ಬೇಳೆಯಷ್ಟು ಅಯಸ್ಕಾಂತ.
ನೀರು ಸರಿಯಿದ್ದರೆ ಬಾಯಿ ತೆರೆದಿರುತ್ತವೆ.
ಕೆಟ್ಟರೆ ಗಪ್‌ಚಿಪ್.
ಅವುಗಳ ಮೇಲ್ವಿಚಾರಕಿ ಯಾಗೊದಾ,
ಜೀವರಸಾಯನದಲ್ಲಿ ಎಂ.ಎಸ್ಸಿ., ಮೊದಲ ದರ್ಜೆ.
‘ಚಿಪ್ಪು ಕಾಯೋಕೆ ಐದು ವರ್ಷ ಓದಿದೆಯಾ?’
ಪ್ರತಿ ಕ್ರಿಸ್‌ಮಸ್‌ಗೂ ಸೂಪು ಬಡಿಸುತ್ತಾ ಅಜ್ಜಿ.

ಓದಿದ ಕಾಲೇಜು ಕರೆಯಿತು:
ಪದವಿಯ ನಂತರ ಮುಂದೇನು, ಬಂದು ಮಾತಾಡಿ.
ಮೊದಲು ಸಹಪಾಠಿ ಝೆನೊನ್, ಔಷಧ ಕಂಪನಿ,
ಗೋಡೆಯ ಮೇಲೆ ಮೆಟ್ಟಿಲು ಹತ್ತುವ ಗೆರೆ.
ಆಮೇಲೆ ಅತ್ತರಿನ ಹೆಂಗಸು,
ಮಾತು ಮುಗಿದರೂ ಪರಿಮಳ ಮುಗಿಯಲಿಲ್ಲ.
ಯಾಗೊದಾ ಗಾಜಿನ ತೊಟ್ಟಿಯನ್ನು ಮೇಜಿಗಿಟ್ಟಳು.
ಕುಲುಕಾಟಕ್ಕೆ ಒಳಗಿನ ಚಿಪ್ಪು ಪಟ್ಟನೆ ಮುಚ್ಚಿತು.

‘ಸಂಬಳ ಎಷ್ಟು?’ ಮುಂದಿನ ಸಾಲಿನ ಹುಡುಗ.
‘ಅದು ಬಾಯಿ ಬಿಡಲಿ, ಆಮೇಲೆ ನಾನು ಬಿಡ್ತೀನಿ.’

ಕಾದರು.
ಕಾಯುವಾಗ ಅವಳಿಗೆ ನೆನಪಾದದ್ದು:
ಹದಿಮೂರು ಅರ್ಜಿ,
‘ನಿಮ್ಮ ಮೂಗಿಗೆ ಹುಳಿಯ ಸೂಕ್ಷ್ಮ ಸಾಲದು’ ಎಂದ ಬಿಯರ್ ಕಾರ್ಖಾನೆ,
ಬೆರಳಚ್ಚು ತೆಗೆದುಕೊಂಡು ಮರೆತುಬಿಟ್ಟ ಪೊಲೀಸ್ ಪ್ರಯೋಗಾಲಯ,
ಶಾಲೆ ಶಾಲೆಗೆ ಪಿಪೆಟ್ ಮಾರಿದ ಚಳಿಗಾಲ.
ಮತ್ತೆ ಆ ಮಾರ್ಚಿಯ ರಾತ್ರಿ.
ಒಂದೇ ನಿಮಿಷದಲ್ಲಿ ಐದು ಚಿಪ್ಪು ಮುಚ್ಚಿ,
ಅವಳು ಕವಾಟ ಮುಚ್ಚಿ,
ಊರು ಮಲಗೇ ಇತ್ತು.
ಮರುದಿನದ ಪತ್ರಿಕೆಯಲ್ಲಿ ಏನೂ ಇರಲಿಲ್ಲ.
ಅದೇ ಸುದ್ದಿ.

ಮೂರು ತಿಂಗಳಾದರೆ ಚಿಪ್ಪುಗಳಿಗೆ ನಿವೃತ್ತಿ.
ಒಳ್ಳೆಯ ನೀರು ಅಭ್ಯಾಸವಾದರೆ ಕೆಟ್ಟದ್ದು ತಿಳಿಯದಂತೆ.
ಬೆನ್ನಿಗೆ ಬಣ್ಣದ ಚುಕ್ಕೆಯಿಟ್ಟು,
ಮತ್ತೆ ಕೆಲಸಕ್ಕೆ ಹಿಡಿಯದಿರಲೆಂದು,
ಅವಳೇ ಬಕೆಟ್ಟಿನಲ್ಲಿ ಒಯ್ದು ಕೆರೆಗೆ ಬಿಡುತ್ತಾಳೆ.
ಅವಳಿಗೆ ಆರು ವರ್ಷ. ಚುಕ್ಕೆ ಯಾರೂ ಇಟ್ಟಿಲ್ಲ.

ಹನ್ನೊಂದನೇ ನಿಮಿಷ.
ಕೊನೆಯ ಬೆಂಚಿನ ಹುಡುಗಿ ಎದ್ದು ಹತ್ತಿರ ಬಂದಿದ್ದಳು,
ಅವಳೇ ಮೊದಲು ಕಂಡದ್ದು:
ಅಂಚಿನಲ್ಲೊಂದು ಗೀರು,
ಗೀರಿನೊಳಗೆ ಬೆಳ್ಳನೆಯದೇನೋ
ನೀರನ್ನು ರುಚಿ ನೋಡುತ್ತಿತ್ತು.
‘ಈಗ ಹೇಳಿ’ ಎಂದ ಹುಡುಗ.
ಯಾಗೊದಾ ಅಂಕಿ ಹೇಳಿದಳು.
ಯಾರೋ ಗೊಳ್ಳೆಂದು ನಕ್ಕು ಮೇಜು ತಟ್ಟಿದರು.
ಚಿಪ್ಪು ಮತ್ತೆ ಮುಚ್ಚಿತು.

ಕಾಫಿಯ ಕಡೆಗೆ ಸಭೆ ಎದ್ದು ಹೋಯಿತು.
ಹುಡುಗಿ ಮಾತ್ರ ಕುರ್ಚಿಯೊಂದನ್ನು
ಸದ್ದಾಗದ ಹಾಗೆ ಎತ್ತಿ ತಂದು
ತೊಟ್ಟಿಯ ಪಕ್ಕ ಹಾಕಿಕೊಂಡಳು.