ಮೂರನೆಯದು

ಎರಡು ಇಟ್ಟುಕೊಳ್ಳಬಹುದು, ಮೂರನೆಯದು ಒಪ್ಪಿಸತಕ್ಕದ್ದು
ಎಂದು ಕಾಗದ ಬಂದು ತಿಂಗಳಾಯಿತು.
ಕಾನೂನು ಬದಲಾಗಿದೆ. ಸರಿ.
ಮಂಡಿ ಮೊಹಲ್ಲಾದ ಈ ಹಿಂದಿನ ಕೋಣೆಯಲ್ಲಿ
ಹಳೇ ಪಂಚೆ ಹಾಸಿ ಮೂರನ್ನೂ ಇಟ್ಟಿದ್ದೇನೆ,
ಪಕ್ಕದಲ್ಲಿ ಎಣ್ಣೆ ಬಟ್ಟಲು, ಸವೆದ ಟೂತ್‌ಬ್ರಷ್ಷು.

ಮೂವತ್ತೊಂದು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ನಾನು.
ಕಬ್ಬಿಣ ಕಬ್ಬಿಣಕ್ಕೆ ಕೂರುವ ಸದ್ದು ಕೇಳಿಯೇ
ಕೂದಲೆಳೆ ಹೆಚ್ಚೋ ಕಮ್ಮಿಯೋ ಹೇಳಬಲ್ಲೆ.
ಮುನವ್ವರ್ ಸಾಬರ ಅಂಗಡಿಯಲ್ಲಿ ಮೊದಲ ಸಲ
ಈ ಮೂವತ್ತೆಂಟನೇ ಇಸವಿಯ ವಾಲ್ಥರನ್ನು
ಹಿಂದಕ್ಕೆಳೆದು ಬಿಟ್ಟಾಗ
ಟಕ್ ಎಂದಿತು.
ಒಂದೇ ಮಾತು. ತೊದಲಿಲ್ಲ.
ಪಿ.ಎಫ್. ಸಾಲ ತೆಗೆದೆ.
ಕೊಂದವರ ಸಾಮಾನಿಗೆ ಸಾಲವೇ ಎಂದ ಅಣ್ಣ.
ಕೊಂದದ್ದು ಯಾರೋ ಏನೋ,
ನಾನು ಕೊಂಡದ್ದು ಆ ಸದ್ದನ್ನು.

ಹೊಸದು, ಇಪ್ಪತ್ತೆರಡರದು, ಗುರಿಪಂದ್ಯಕ್ಕೆಂದೇ ಮಾಡಿದ್ದು.
ದೇಚಮ್ಮ ಎಂಬ ಹುಡುಗಿ ಕಣ್ಣು ಮಂಜಾಗಿ ಮಾರಿದಳು.
ಮರದ ಹಿಡಿಯನ್ನು ಅವಳ ಎಡಗೈಗೇ ಕೆತ್ತಿದ್ದಾರೆ,
ಹೆಬ್ಬೆರಳ ಬುಡಕ್ಕೊಂದು ತಗ್ಗು, ಕಿರುಬೆರಳ ಗೆಣ್ಣಿಗೊಂದು ತಗ್ಗು.
ನನ್ನ ಬಲಗೈ ಅಲ್ಲಿ ಕೂರುವುದಿಲ್ಲ.
ಒರೆಸುವಾಗಲೆಲ್ಲ, ಏಳು ವರ್ಷದಿಂದ,
ಇನ್ನೊಬ್ಬರ ಕೈ ಹಿಡಿದುಕೊಂಡು ಕೂತಂತೆ.

ಆಯುಧಪೂಜೆಗೆ ಇವಕ್ಕೆ ಕುಂಕುಮ ಇಡಲು ನಾನೇ ಬಿಡುವುದಿಲ್ಲ,
ಪುಡಿ ಒಳಗಿಳಿದರೆ ಸ್ಪ್ರಿಂಗು ಕೆಡುತ್ತದೆ.
ನೀಲಾಜಮ್ಮಣ್ಣಿ ತನ್ನ ಹೊಲಿಗೆ ಮಷೀನಿಗೆ ಧಾರಾಳವಾಗಿ ಹಚ್ಚುತ್ತಾಳೆ,
ಫಾಫ್, ಅವಳ ತಾಯಿಯ ಕಾಲದ್ದು.
‘ಇದೂ ಜರ್ಮನಿಯದೇ.
ಎಷ್ಟು ರವಿಕೆ ಹೊಲಿದಿದೆ ಲೆಕ್ಕ ಹಾಕಿ.
ನಿಮ್ಮವು ಏನು ಮಾಡಿವೆ?’
ಏನೂ ಮಾಡಿಲ್ಲ ಕಣೇ.
ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಗುಂಡು,
ಎಲ್ಲವೂ ರೇಂಜಿನ ಮಣ್ಣುದಿಬ್ಬಕ್ಕೆ.
ಏನೂ ಮಾಡದಿರಲಿ ಎಂದೇ ಇಷ್ಟು ಎಣ್ಣೆ.

ಚುನಾವಣೆ ಬಂದರೆ ಮೂರೂ ಠಾಣೆಗೆ ಹೋಗುತ್ತವೆ.
ರಸೀದಿ ಕೊಡುತ್ತಾರೆ.
ಆ ಎರಡು ತಿಂಗಳು ನನಗೆ ಒಳ್ಳೆ ನಿದ್ದೆ.
ಇದನ್ನು ಯಾರಿಗೂ ಹೇಳಿಲ್ಲ.

ಉಳಿದದ್ದು ಮೌಸರ್. ನಲವತ್ತೆರಡು.
ಮೂರರಲ್ಲಿ ಚೆಂದದ್ದು ಇದೇ, ಮೀನಿನ ಹೊಟ್ಟೆಯ ನುಣುಪು.
ಒಂದು ಭಾನುವಾರ ಎದುರುಮನೆ ಮಿಸ್ಬಾ, ನಾಲ್ಕನೇ ಕ್ಲಾಸು,
ಕಿಟಕಿಯಲ್ಲಿ ಇಣುಕಿ ಒಳಗೇ ಬಂದುಬಿಟ್ಟಳು.
ಖಾಲಿ ಎಂದು ಎರಡು ಸಲ ನೋಡಿ
ಭೂತಗನ್ನಡಿ ಅವಳ ಕೈಗೆ ಕೊಟ್ಟೆ.
ಉಕ್ಕಿನಲ್ಲಿ ಒತ್ತಿದ ಹಕ್ಕಿ, ಸಾಸಿವೆಯಷ್ಟು.
‘ತಾತ, ಇದರ ಇನ್ನೊಂದು ತಲೆ ಎಲ್ಲಿ?’
ಅವಳಿಗೆ ಗೊತ್ತಿರುವುದು ಬಸ್ಸಿನ ಮೇಲಿನ ಗಂಡಭೇರುಂಡ,
ಎರಡು ಕಡೆಗೂ ನೋಡುವಂಥದ್ದು.
ಇದು ಒಂದೇ ಕಡೆ ನೋಡುತ್ತದೆ ಪುಟ್ಟಿ, ಎಂದೆ.
ಹಕ್ಕಿಯ ಉಗುರಿನಡಿ ಏನಿದೆ ಎಂದು ಅವಳು ಕೇಳಲಿಲ್ಲ.
ಅಲ್ಲಿ ನನ್ನ ಹೆಬ್ಬೆರಳಿತ್ತು.
ನೀಲಾಜಮ್ಮಣ್ಣಿ ದಿನಾ ಹೊಸಿಲಿಗೆ ಬರೆಯುವುದೇ,
ಅಲ್ಲಿ ಓರೆಯಾಗಿ ನಿಂತಿದೆ.

ಆವತ್ತಿನಿಂದ ಒರೆಸಲು ಕೂತರೆ
ಹೆಬ್ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ.
ಬಟ್ಟೆ ಮಿಕ್ಕದ್ದನ್ನೆಲ್ಲ ಒರೆಸುತ್ತದೆ,
ಅಷ್ಟು ಜಾಗ ಬಿಟ್ಟು.

ಈ ಬೆಳಿಗ್ಗೆ ಕೈಚೀಲದಲ್ಲಿ ಸುತ್ತಿಕೊಂಡು ಹೋದೆ.
ರೈಟರ್ ಶಿವಬಸಪ್ಪ ಕನ್ನಡಕ ಏರಿಸಿದರು.
‘ಹೆಸರು?’
ನನ್ನದೋ, ಅದರದೋ?
‘ಎರಡೂ ಹೇಳಿ ಸ್ವಾಮಿ.’
ದಪ್ಪ ಪುಸ್ತಕದಲ್ಲಿ ದುಂಡಗೆ ಬರೆದುಕೊಂಡರು:
ಮೊಸರ್ ಪಿಸ್ತೂಲು, ಒಂದು. ದೇಶ ಜರ್ಮನಿ. ಸ್ಥಿತಿ ಉತ್ತಮ.
ತಿದ್ದಲು ಬಾಯಿ ತೆರೆದೆ.
ಮತ್ತೆ, ಇರಲಿ ಅನ್ನಿಸಿತು.
ಸಹಿ ಹಾಕಿ ಬಂದೆ.

ಮಧ್ಯಾಹ್ನ ಅನ್ನಕ್ಕೆ ಮೊಸರು ಕಲಸುವಾಗ
ಬೆರಳಲ್ಲಿ ಇನ್ನೂ ಅದೇ ಎಣ್ಣೆಯ ವಾಸನೆ.
ಎರಡು ಸಲ ತೊಳೆದಿದ್ದೆ.
ಉಂಡೆ.